ಏರ್‌ಗನ್ನಿಗೆ ಹಾಕುವುದು ಗುಂಡೇ?



ಹಿರೇಕೆರೂರು ತಾಲ್ಲೂಕಿನ ಅಬಲೂರಿನ ಹೆಸರನ್ನು ನಿಮ್ಮಲ್ಲಿ ಹಲವರು ಸರ್ವಜ್ಞನ ಹೆಸರಿನೊಡನೆ ಕೇಳಿರುತ್ತೀರಿ. ಅಲ್ಲಿನ ಸೋಮೇಶ್ವರ ದೇವಾಲಯದ ಶಾಸನಗಳನ್ನು ಚಿತ್ರೀಕರಿಸಲು ನಮ್ಮ ತಂಡ ಒಮ್ಮೆ ಹೋಗಿತ್ತು. ಬೆಳಕು ಇಳಿದ ಮೇಲೆ ಕ್ಯಾಮೆರಾ ಕಟ್ಟಿಟ್ಟು, ಹತ್ತಿರದ ಜಾತ್ರೆಯ ಅಂಗಡಿಸಾಲಿನಲ್ಲಿ ಅಡ್ಡಾಡುತ್ತಿದ್ದೆವು. ಬಲೂನಿಗೆ ಗುರಿಯಿಡುವ ಅಂಗಡಿಯ ಮುಂದೆ ಶಾಲೆಯ ಹುಡುಗನೊಬ್ಬ ಬೂದುಬಣ್ಣದ ಲೋಹದ ಚೂರೊಂದನ್ನು ಅಂಗೈಯಲ್ಲಿ ಹೊರಳಿಸುತ್ತ, "ಕಾಕಾ, ಇದು ಗುಂಡಗ ಇಲ್ಲಲ್ರೀ, ಮತ್ತ ಇದಕ್ಕ ಗುಂಡು ಅಂತ ಯಾಕಂತಾರ?" ಎಂದು ಕೇಳಿದ. ಅಂಗಡಿಯವರು ನಕ್ಕರು. "ನಾವು ಛರ್ರಾ ಅಂತೀವಿ. ನೀ ಏನರ ಅನ್ನು, ಮದ್ಲ ರೊಕ್ಕಾ ಕೊಡು" ಎಂದರು.

ಪ್ರಶ್ನೆ ಚಿಕ್ಕದಲ್ಲ. ಕನ್ನಡದಲ್ಲಿ ರುಬ್ಬುವ ಕಲ್ಲೂ ಗುಂಡೇ, ಆಟದ ಬಯಲಿನಲ್ಲಿ ಎಸೆಯುವುದೂ ಗುಂಡೇ, ಫಿರಂಗಿಯದೂ ಗುಂಡೇ. (ಇನ್ನೊಂದು ಅರ್ಥವೂ ಇದೆ, ಇಲ್ಲಿ ಬೇಡ.) ಬಂದೂಕಿನಿಂದ ಹೊರಡುವ ಯಾವುದಕ್ಕಾದರೂ ನಾವು ಈ ಒಂದೇ ಮಾತನ್ನು ಬಳಸಿ ಮುಂದೆ ಹೋಗಿಬಿಡುತ್ತೇವೆ.

ಆ ಹುಡುಗನ ಕೈಯಲ್ಲಿದ್ದುದು ಪೆಲೆಟ್. ಸೀಸದ್ದು, ತೂಕ ಅರ್ಧ ಗ್ರಾಮಿನ ಆಸುಪಾಸು, ಅಡ್ಡಳತೆ 4.5 ಮಿಲಿಮೀಟರ್, ಅಂದರೆ 0.177 ಅಂಗುಲ. ಮುಂದೆ ತಲೆ, ನಡುವೆ ಸಣ್ಣ ಸೊಂಟ, ಹಿಂದೆ ಲಂಗದಂತೆ ಅರಳಿದ ಟೊಳ್ಳು ಭಾಗ. "ಡಮರು ಇದ್ದಂಗ ಐತ್ರಿ" ಎಂದು ಹುಡುಗ ತಾನೇ ಹೇಳಿದ. ಯುರೋಪಿನವರೂ ಹೀಗೆಯೇ ಯೋಚಿಸಿ, ದಾರದ ಮೇಲೆ ಆಡಿಸುವ ಡಯಾಬೊಲೊ ಎಂಬ ಆಟಿಕೆಯ ಹೆಸರನ್ನು ಈ ಆಕಾರಕ್ಕೆ ಕೊಟ್ಟಿದ್ದಾರೆ. ಆಕಾರ ಅಂದಕ್ಕಾಗಿ ಇರುವುದಲ್ಲ. ಟ್ರಿಗರ್ ಒತ್ತಿದಾಗ ಸ್ಪ್ರಿಂಗ್ ಬಿಡುಗಡೆಯಾಗಿ ಪಿಸ್ಟನ್ ಗಾಳಿಯನ್ನು ಒತ್ತುತ್ತದೆ. ಆ ಗಾಳಿ ಟೊಳ್ಳಿನೊಳಗೆ ನುಗ್ಗಿ ಲಂಗವನ್ನು ಇನ್ನಷ್ಟು ಅರಳಿಸುತ್ತದೆ. ಅದು ಕೊಳವೆಗೆ ಬಿಗಿಯಾಗಿ ಕೂರುತ್ತದೆ, ಗಾಳಿ ಸೋರುವುದಿಲ್ಲ. ಸೀಸ ಮೆದುವಾದ್ದರಿಂದ ಕೊಳವೆಯ ಒಳಗಿನ ಸುರುಳಿ ಗೀರುಗಳನ್ನು ಕಚ್ಚಿಕೊಂಡು ತಿರುಗುತ್ತ ಹೊರಬೀಳುತ್ತದೆ. ಭಾರವಾದ ತಲೆ ಮುಂದೆ, ಹಗುರವಾದ ಲಂಗ ಹಿಂದೆ. ಷಟಲ್‌ಕಾಕ್ ನೆನಪಿಸಿಕೊಳ್ಳಿ.

ಪೆಲೆಟ್ಟಿನ ತಲೆ ಹಲವು ಬಗೆ. ಉರುಟು ತಲೆಯದು ಗಾಳಿಯನ್ನು ಸಲೀಸಾಗಿ ಸೀಳಿ ಹೆಚ್ಚು ದೂರ ಹೋಗುತ್ತದೆ. ಚೂಪು ತಲೆಯದೇ ಉತ್ತಮವೆಂದು ಹುಡುಗರು ನಂಬುತ್ತಾರೆ. 10 ಮೀಟರ್ ಸ್ಪರ್ಧೆಗಳಲ್ಲಿ ಬಳಸುವುದು ಚಪ್ಪಟೆ ತಲೆಯದು. ಅದು ಕಾಗದದಲ್ಲಿ, ಕಚೇರಿಯ ಪಂಚಿಂಗ್ ಯಂತ್ರ ಕೊರೆದಂತೆ, ಅಂಚು ಹರಿಯದ ದುಂಡು ರಂಧ್ರ ಮಾಡುತ್ತದೆ. ಅಂಕ ಎಣಿಸುವಾಗ ಜಗಳವಿಲ್ಲ. 2008ರಲ್ಲಿ ಬೀಜಿಂಗ್‌ನಲ್ಲಿ ಅಭಿನವ್ ಬಿಂದ್ರಾ ಚಿನ್ನ ಗೆದ್ದದ್ದು, 2014ರ ಗ್ಲಾಸ್ಗೋ ಕಾಮನ್‌ವೆಲ್ತ್ ಕ್ರೀಡೆಗಳಲ್ಲಿ ಬೆಂಗಳೂರಿನ ಪ್ರಕಾಶ್ ನಂಜಪ್ಪ ಏರ್ ಪಿಸ್ತೂಲಿನಲ್ಲಿ ಬೆಳ್ಳಿ ಗೆದ್ದದ್ದು 4.5 ಮಿಲಿಮೀಟರಿನ ಇಂಥ ಸೀಸದ ಚೂರುಗಳಿಂದಲೇ. ಏರ್ ರೈಫಲ್ ಸ್ಪರ್ಧೆಯಲ್ಲಿ ಹತ್ತು ಅಂಕದ ಚುಕ್ಕೆ ಕೇವಲ ಅರ್ಧ ಮಿಲಿಮೀಟರ್.

ಇನ್ನೊಂದು ಜಾತಿಯದು ನಿಜಕ್ಕೂ ಗುಂಡಗೆ ಇರುವ ಉಕ್ಕಿನ ಮಣಿ. ಇಂಗ್ಲಿಷಿನಲ್ಲಿ ಇದಕ್ಕೆ ಬಿಬಿ ಎನ್ನುತ್ತಾರೆ. ಬಾಲ್ ಬೇರಿಂಗ್ ಎಂಬುದರ ಹ್ರಸ್ವರೂಪ ಅದೆಂದು ನಾನೂ ಬಹುಕಾಲ ನಂಬಿದ್ದೆ. ಅಲ್ಲ. ಬಂದೂಕಿನ ಚರೆಗಳಿಗೆ ಗಾತ್ರಕ್ಕೆ ತಕ್ಕಂತೆ ಬಿ, ಬಿಬಿ, ಬಿಬಿಬಿ ಎಂಬ ಗುರುತುಗಳಿದ್ದವು. ಬಿಬಿ ಗಾತ್ರದ ಸೀಸದ ಚರೆಯನ್ನು ಅಮೆರಿಕದಲ್ಲಿ ಹುಡುಗರ ಏರ್‌ಗನ್ನಿಗೆ ಬಳಸಿದರು. ಮುಂದೆ ಸೀಸ ಹೋಗಿ ಉಕ್ಕು ಬಂತು, ಗಾತ್ರವೂ ತುಸು ತಗ್ಗಿತು. ಹೆಸರು ಮಾತ್ರ ಹಾಗೆಯೇ ಉಳಿಯಿತು. ಆಟಿಕೆ ಬಂದೂಕುಗಳ 6 ಮಿಲಿಮೀಟರಿನ ಪ್ಲಾಸ್ಟಿಕ್ ಮಣಿಗಳನ್ನೂ ಈಗ ಬಿಬಿ ಎಂದೇ ಮಾರುವುದರಿಂದ ಗೊಂದಲ ಇಮ್ಮಡಿಯಾಗಿದೆ.

ಸೀಸಕ್ಕೂ ಉಕ್ಕಿಗೂ ಇರುವ ವ್ಯತ್ಯಾಸ ಪುಸ್ತಕದ ಮಾತಲ್ಲ. ನನ್ನ ಅಕ್ಕನ ಮಗನಿಗೆ ಚಿಕ್ಕವನಿದ್ದಾಗ ಆಟದಲ್ಲಿ ಏರ್‌ಗನ್ನಿನ ಏಟು ಬಿದ್ದು, ಕಾಲಿನ ಮೀನಖಂಡದೊಳಗೆ ಚೂರೊಂದು ಉಳಿದಿತ್ತು. ಗಾಯ ಮಾಯಿತು, ಎಲ್ಲರೂ ಮರೆತರು. ಎಷ್ಟೋ ವರ್ಷಗಳ ಮೇಲೆ ಬೆನ್ನುನೋವಿಗೆಂದು ಎಂಆರ್‌ಐ ಮಾಡಿಸಲು ಹೋದಾಗ, ದೇಹದಲ್ಲಿ ಲೋಹವೇನಾದರೂ ಇದೆಯೇ ಎಂದು ಕೇಳಿದರು. ಅಕ್ಕ, "ಏರ್‌ಗನ್ ಗುಂಡೊಂದಿದೆ" ಎಂದಳು. "ಸೀಸದ್ದೋ, ಉಕ್ಕಿನದೋ?" ಯಾರಿಗೂ ಗೊತ್ತಿಲ್ಲ. ಬಣ್ಣ ತಾಮ್ರದ್ದಿತ್ತೆಂದು ಅಕ್ಕನಿಗೆ ನೆನಪು. ಎಂಆರ್‌ಐ ಯಂತ್ರವೆಂದರೆ ಬಲು ದೊಡ್ಡ ಅಯಸ್ಕಾಂತ. ಅದು ಸೀಸವನ್ನು ಎಳೆಯುವುದಿಲ್ಲ, ತಾಮ್ರವನ್ನೂ ಎಳೆಯುವುದಿಲ್ಲ. ಉಕ್ಕನ್ನು ಎಳೆಯುತ್ತದೆ, ಮಾಂಸದೊಳಗಿದ್ದರೂ. ಎಕ್ಸ್‌ರೇ ತೆಗೆದರು. ಒಂದಿಷ್ಟೂ ಜಜ್ಜಿಹೋಗದ ಪೂರ್ಣ ವೃತ್ತ ಕಂಡಿತು. ಆ ರಾತ್ರಿ ಅಟ್ಟದ ಮೇಲಿನ ಹಳೆಯ ಪೌಡರ್ ಡಬ್ಬಿಯಲ್ಲಿ ಉಳಿದ ಮಣಿಗಳು ಸಿಕ್ಕವು. ಒಡೆದ ಸ್ಪೀಕರಿನ ಅಯಸ್ಕಾಂತವನ್ನು ಹತ್ತಿರ ಹಿಡಿದೆ. ಮಣಿಗಳು ಟಪಟಪನೆ ಹಾರಿ ಅಂಟಿಕೊಂಡವು. ತಾಮ್ರ ಬರಿಯ ಲೇಪ, ಒಳಗೆ ಉಕ್ಕು. ವೈದ್ಯರು ಮೊದಲು ಅದನ್ನು ಕುಯ್ದು ತೆಗೆದರು, ಎಂಆರ್‌ಐ ಆಮೇಲೆ.

ಉಕ್ಕಿಗೆ ಇನ್ನೊಂದು ದುರ್ಗುಣವಿದೆ. ಗಟ್ಟಿ ಗೋಡೆಗೆ ಬಡಿದಾಗ ಸೀಸ ಚಪ್ಪಟೆಯಾಗಿ ತನ್ನ ಶಕ್ತಿಯ ಬಹುಪಾಲನ್ನು ಕಳೆದುಕೊಳ್ಳುತ್ತದೆ. ಉಕ್ಕಿನ ಮಣಿ ಪುಟಿದು ಹೊಡೆದವನ ಕಡೆಗೇ ಬರಬಹುದು. ಕಣ್ಣಿಗೆ ಕನ್ನಡಕ ಬೇಕೆನ್ನುವುದು ಇದಕ್ಕೇ.

ಈಗ ಸ್ವಲ್ಪ ಲೆಕ್ಕ. ಚಲನಶಕ್ತಿಯ ಸೂತ್ರ ನಿಮಗೆ ಗೊತ್ತು: ದ್ರವ್ಯರಾಶಿಯ ಅರ್ಧವನ್ನು ವೇಗದ ವರ್ಗದಿಂದ ಗುಣಿಸಬೇಕು. 0.53 ಗ್ರಾಮಿನ ಪೆಲೆಟ್ ಸೆಕೆಂಡಿಗೆ 170 ಮೀಟರ್ ವೇಗದಲ್ಲಿ ಹೊರಟರೆ ಸುಮಾರು 8 ಜೂಲ್. ಕಣ್ಣು ಕಳೆಯಲು ಇದು ಧಾರಾಳ ಸಾಕು. ಪಾಯಿಂಟ್ 22 ರೈಫಲಿನ 2.6 ಗ್ರಾಮಿನ ಗುಂಡು 330 ಮೀಟರ್ ವೇಗದಲ್ಲಿ ಹೋದರೆ 140 ಜೂಲ್ ದಾಟುತ್ತದೆ. ಇಲ್ಲೇ ಹೆಸರಿನ ಇನ್ನೊಂದು ಗುಂಡಿ ಇದೆ. ಪಾಯಿಂಟ್ 22 ಅಳತೆಯ ಪೆಲೆಟ್ಟೂ ಉಂಟು, 5.5 ಮಿಲಿಮೀಟರಿನದು. ಸಂಖ್ಯೆ ಒಂದೇ, ವಸ್ತು ಬೇರೆ. ರೈಫಲಿನದು ಕಾಡತೂಸು: ಹಿತ್ತಾಳೆಯ ಕವಚ, ಒಳಗೆ ಮದ್ದು, ತುದಿಯಲ್ಲಿ ಗುಂಡು. ಏರ್‌ಗನ್ನಿಗೆ ಕವಚವೂ ಇಲ್ಲ, ಮದ್ದೂ ಇಲ್ಲ. ಆದ್ದರಿಂದ "ಏರ್‌ಗನ್ ಕಾಡತೂಸು" ಎಂಬ ವಸ್ತುವೇ ಇಲ್ಲ. ಕಾನೂನಿಗೂ ಅಳತೆ ಮುಖ್ಯ. 2016ರ ಶಸ್ತ್ರಾಸ್ತ್ರ ನಿಯಮಗಳಂತೆ 20 ಜೂಲ್ ಮೀರಿದ ಇಲ್ಲವೇ 0.177 ಅಂಗುಲಕ್ಕಿಂತ ದೊಡ್ಡ ಕೊಳವೆಯ ಏರ್‌ಗನ್ನಿಗೆ ಪರವಾನಗಿ ಬೇಕು. ಪರವಾನಗಿ ಬೇಡದ ಬಂದೂಕಿನಿಂದಲೂ ಕಾಡುಹಕ್ಕಿಯನ್ನು ಹೊಡೆದರೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಂತೆ ಅಪರಾಧವೇ.

2010ರಿಂದೀಚೆಗೆ ಕಾಶ್ಮೀರದ ಸುದ್ದಿಗಳಲ್ಲಿ "ಪೆಲೆಟ್ ಗನ್" ಎಂದು ಓದಿದ ಕೆಲವರು ಅದನ್ನು ಏರ್‌ಗನ್ ಎಂದು ತಿಳಿದು, ಅಷ್ಟೇನೂ ಅಪಾಯವಿಲ್ಲವೆಂದುಕೊಂಡರು. ಅದು ಮದ್ದಿನ ಬಲದಿಂದ ಒಂದೇ ಸಲಕ್ಕೆ ನೂರಾರು ಚರೆಗಳನ್ನು ಚೆಲ್ಲುವ ಬಂದೂಕು. ನಮ್ಮ ಮಲೆನಾಡಿನವರಿಗೆ ಈ ಗೊಂದಲವಾಗುತ್ತಿರಲಿಲ್ಲ. ಅವರಲ್ಲಿ ಕೇಪಿನ ಕೋವಿ ಬೇರೆ, ತೋಟೆ ಕೋವಿ ಬೇರೆ; ತೋಟೆಯೊಳಗಿನ ಸಣ್ಣ ಕಾಳು ಚರೆ, ಒಂಟಿಯಾಗಿ ಹೋಗುವುದು ಗುಂಡು. ಮಾತುಗಳಿದ್ದವು, ಪೇಟೆಯಲ್ಲಿ ಕುಳಿತು ಬರೆಯುವ ನಾವು ಬಿಟ್ಟೆವು. ಪೆಲೆಟ್ಟಿಗೆ ಪೆಲೆಟ್ ಎಂದೇ ಹೇಳೋಣ, ಬಿಬಿಗೆ ಉಕ್ಕಿನ ಮಣಿ ಎನ್ನೋಣ ಎಂಬುದು ನನ್ನ ಮತ.

ಆ ಸಂಜೆ ಹುಡುಗನಿಗೆ ಇಷ್ಟೆಲ್ಲ ಹೇಳಲು ಪುರುಸೊತ್ತು ಇರಲಿಲ್ಲ. ಅವನ ಸರದಿ ಬಂದಿತ್ತು. ಎರಡೂ ಕೈಯಲ್ಲಿ ಕೊಳವೆ ಮಡಿಸಬೇಕಲ್ಲ, ಪೆಲೆಟ್ಟನ್ನು ತುಟಿಗಳ ನಡುವೆ ಕಚ್ಚಿ ಹಿಡಿಯಹೊರಟ. "ಬಾಯಾಗ ಹಾಕಬ್ಯಾಡೋ, ಅದು ಸೀಸ, ವಿಷ!" ಎಂದು ಕೂಗಿದೆ. ಅಂಗಡಿಯವರು ತಮ್ಮ ಬೆರಳುಗಳನ್ನೊಮ್ಮೆ ನೋಡಿಕೊಂಡರು. ತಟ್ಟೆಯಲ್ಲಿದ್ದ ಅರ್ಧ ತಿಂದ ಮಿರ್ಚಿಯನ್ನು ಬದಿಗಿಟ್ಟು, ನೀರಿನ ಕೊಡದತ್ತ ಹೋದರು.