ಅರವತ್ತರ ನಂತರದ ಲೆಕ್ಕ



ಕಾಲೇಜಿನಲ್ಲಿ ಮೂವತ್ತು ವರ್ಷ ಅರ್ಥಶಾಸ್ತ್ರ ಪಾಠ ಹೇಳಿದವಳು ನಾನು. ಆದರೆ ಇಂದು ಹೇಳಹೊರಟ ಲೆಕ್ಕವನ್ನು ನನ್ನಿಂದ ಮಾಡಿಸಿದವಳು ಒಬ್ಬ ಹಳೆಯ ವಿದ್ಯಾರ್ಥಿನಿ. ಆಕೆ ಖಾಸಗಿ ಕಂಪೆನಿಯೊಂದರಲ್ಲಿ ಐದು ವರ್ಷ ದುಡಿದಿದ್ದಳು. ಮೂವತ್ತಕ್ಕೆ ಮದುವೆ ಗೊತ್ತಾದಾಗ ಕೆಲಸ ಬಿಡಿಸಿದರು. ಪಿ.ಎಫ್. ಮತ್ತು ಅದರ ಪಿಂಚಣಿ ಭಾಗ ಸೇರಿ ಬಂದ 80,000 ರೂಪಾಯಿಯಲ್ಲಿ ಹುಡುಗನಿಗೆ ಬೈಕು ಕೊಡಿಸಿದರು. ಅದನ್ನು ವರದಕ್ಷಿಣೆಯೆಂದು ಯಾರೂ ಕರೆಯಲಿಲ್ಲ. "ಅವಳ ದುಡ್ಡು ಅವಳ ಮನೆಗೇ ಹೋಯಿತಲ್ಲ" ಎಂದರು.

ಹತ್ತು ವರ್ಷ ಪೆಟ್ಟು ತಿಂದು ಮಗಳೊಂದಿಗೆ ಹೊರಬಂದಾಗ ಬೈಕು ಗುಜರಿ ಸೇರಿತ್ತು. "ಮೇಡಂ, ಅರವತ್ತಾದ ಮೇಲೆ ಏನು ತಿನ್ನಲಿ?" ಎಂದು ನನ್ನನ್ನು ಕೇಳಿದಳು.

ಕಾಗದ ಹಿಡಿದು ಕುಳಿತೆವು. ಆ 80,000 ಶೇ. 8ರಂತೆ ಬೆಳೆದಿದ್ದರೆ ಅವಳ ಅರವತ್ತಕ್ಕೆ 8 ಲಕ್ಷವಾಗುತ್ತಿತ್ತು. ಅದು ಹೋದ ಮಾತು. ಈಗ ತಾಯಿ ಮಗಳ ಖರ್ಚು ತಿಂಗಳಿಗೆ 15,000. ಬೆಲೆಗಳು ವರ್ಷಕ್ಕೆ ಶೇ. 6ರಂತೆ ಏರಿದರೆ ಹನ್ನೆರಡು ವರ್ಷಕ್ಕೆ ಇಮ್ಮಡಿ. ಇಪ್ಪತ್ತು ವರ್ಷಕ್ಕೆ ಇದೇ ಸಂಸಾರಕ್ಕೆ 48,000 ಬೇಕು. ಅವಳು ತಿಂಗಳಿಗೆ 3,000 ಉಳಿಸಿದರೆ, ಶೇ. 8ರಂತೆ ಇಪ್ಪತ್ತು ವರ್ಷಕ್ಕೆ 17 ಲಕ್ಷ 67 ಸಾವಿರ. ಮುಖ ಅರಳಿತು. ಆ ಗಂಟಿನ ಮೇಲೆ ಶೇ. 6ರಂತೆ ಪಿಂಚಣಿ ಬಂದರೆ ತಿಂಗಳಿಗೆ 8,800. ಅದು ಇಂದಿನ ಬೆಲೆಯಲ್ಲಿ ಎಷ್ಟು? 2,750! ಅವಳು ಕಾಗದವನ್ನು ತಿರುಗಿಸಿ ತಿರುಗಿಸಿ ನೋಡಿದಳು. ಮನೆಗೆ ಬರುವ ಏಜೆಂಟರು 17 ಲಕ್ಷದವರೆಗೆ ಹೇಳಿ ಎದ್ದುಹೋಗುತ್ತಾರೆ. ಕೊನೆಯ ಸಾಲನ್ನು ನಾವೇ ಬರೆದುಕೊಳ್ಳಬೇಕು. ಕಂತನ್ನು ವರ್ಷ ವರ್ಷ ಶೇ. 6ರಷ್ಟು ಏರಿಸುತ್ತ ಹೋದರೆ ಗಂಟು 27 ಲಕ್ಷ ದಾಟುತ್ತದೆ, ಪಿಂಚಣಿ ಇಂದಿನ ಬೆಲೆಯಲ್ಲಿ 4,300ರಷ್ಟಾಗುತ್ತದೆ. ಸಾಲದು, ಆದರೂ ವಾಸಿ.

2015ರಲ್ಲಿ ಬಂದ ಅಟಲ್ ಪಿಂಚಣಿ ಯೋಜನೆಯನ್ನೂ ಹೀಗೇ ಅಳೆಯಿರಿ. ಮೂವತ್ತಕ್ಕೆ ಸೇರಿ ತಿಂಗಳಿಗೆ 577 ಕಟ್ಟಿದವಳಿಗೆ ಅರವತ್ತರ ನಂತರ 5,000. ಶೇ. 6ರ ಏರಿಕೆಯಲ್ಲಿ ಅದು ಇಂದಿನ 870 ರೂಪಾಯಿ. ಬೇಡವೆನ್ನುವುದಿಲ್ಲ, ಅದೊಂದನ್ನೇ ನಂಬಬೇಡಿ ಎನ್ನುತ್ತೇನೆ.

ಗಂಡನ ಪಿಂಚಣಿ ಇದೆಯಲ್ಲ ಎನ್ನುವವರು ಪತ್ರ ತೆಗೆದು ನೋಡಿ. ವಿಮಾ ಕಂಪೆನಿಯ ವರ್ಷಾಶನ ಅವನೊಬ್ಬನ ಜೀವದ ಮೇಲಿದ್ದರೆ ಅವನೊಂದಿಗೇ ಮುಗಿಯುತ್ತದೆ. ಇಬ್ಬರ ಜೀವಕ್ಕೂ ಸೇರಿಸಿದ್ದು ಬೇಕೆಂದು ಕೊಳ್ಳುವಾಗಲೇ ಹೇಳಬೇಕು. ತಿಂಗಳ ಮೊತ್ತ ಸ್ವಲ್ಪ ಕಡಿಮೆಯಾಗುತ್ತದೆ, ಆಗಲಿ.

ಕಾನೂನು ಇಲ್ಲವೆಂದಲ್ಲ. 2005ರ ಕೌಟುಂಬಿಕ ಹಿಂಸೆ ಕಾಯ್ದೆಯ 3ನೇ ಕಲಮು ಆರ್ಥಿಕ ಕಿರುಕುಳವನ್ನೂ ಹಿಂಸೆಯೆನ್ನುತ್ತದೆ. ಬೇರೆಯವರು ಪಡೆದ ವರದಕ್ಷಿಣೆ ಹೆಣ್ಣಿಗೇ ಸೇರಬೇಕೆಂದು 1961ರ ವರದಕ್ಷಿಣೆ ನಿಷೇಧ ಕಾಯ್ದೆಯ 6ನೇ ಕಲಮಿನಲ್ಲಿದೆ. ಆದರೆ ಬೈಕಿನ ಬೆಲೆ ಬಂದರೂ ಕಳೆದ ವರ್ಷಗಳ ಬೆಳೆ ಬರುವುದೆಲ್ಲಿಂದ? ಹೊಸ ಮದುಮಗಳ ಪಿ.ಎಫ್. ಅರ್ಜಿಗೆ ಸಹಿ ಹಾಕಿಸುವ ತಂದೆತಾಯಂದಿರಿಗೆ ಇದನ್ನು ಹೇಳಿ. ಆ ಯೋಜನೆಯ ಪಿಂಚಣಿಗೆ ಹತ್ತು ವರ್ಷ ಸೇವೆ ಬೇಕು. ಪಿಂಚಣಿ ಭಾಗವನ್ನು ತೆಗೆಯದೆ ಸ್ಕೀಮ್ ಸರ್ಟಿಫಿಕೇಟ್ ಪಡೆದಿಟ್ಟರೆ ಹಳೆಯ ಸೇವೆ ಮುಂದಿನ ಕೆಲಸಕ್ಕೆ ಕೂಡುತ್ತದೆ.

ನನ್ನ ವಿದ್ಯಾರ್ಥಿನಿಗೆ ಆ ಐದು ವರ್ಷ ಕೂಡಲಿಲ್ಲ. ಈಗ ಮತ್ತೆ ಕೆಲಸಕ್ಕೆ ಸೇರಿದ್ದಾಳೆ, ಒಂದರಿಂದ ಎಣಿಸುತ್ತಿದ್ದಾಳೆ. ಬ್ಯಾಂಕಿನ ಕಾರ್ಡು ಅವಳ ಕೈಯಲ್ಲೇ ಇದೆ. ನಾಮಿನಿ ಮಗಳು.