ಕಾವಲುಗಾರನಿದ್ದೂ ಬಾಗಿಲು ತೆರೆದಿದ್ದರೆ?

(ಇಳಕಲ್‌ನಲ್ಲಿ ನಡೆದ ಪಾಲಕರ ಮತ್ತು ವಿದ್ಯಾರ್ಥಿಗಳ ಸಭೆಯಲ್ಲಿ ಮಾಡಿದ ಭಾಷಣ)



ಸಭೆ ಆರಂಭವಾಗುವ ಮುನ್ನ ಹಿರಿಯರೊಬ್ಬರು ನನ್ನನ್ನು ಪಕ್ಕಕ್ಕೆ ಕರೆದು, "ಸರ, ಯಾವ ಆಂಟಿವೈರಸ್ ತಗೋಬೇಕ್ರಿ? ಅದೊಂದು ಹೇಳಿಬಿಡ್ರಿ, ಸಾಕು" ಎಂದರು. ಅವರ ಮಗ ಸೀರೆ ವ್ಯಾಪಾರದ ಲೆಕ್ಕವನ್ನೆಲ್ಲ ಕಂಪ್ಯೂಟರಿನಲ್ಲಿಟ್ಟಿದ್ದಾನೆ. ಅವರ ಆತಂಕ ನ್ಯಾಯವಾದುದೇ. ಆದರೆ ಆ ಪ್ರಶ್ನೆಯೊಳಗೆ ಒಂದು ತಪ್ಪು ಗ್ರಹಿಕೆ ಅಡಗಿದೆ: ಹಣ ಕೊಟ್ಟು ಒಂದು ತಂತ್ರಾಂಶವನ್ನು ತಂದುಬಿಟ್ಟರೆ ನಮ್ಮ ಹೊಣೆ ಮುಗಿಯಿತು ಎಂಬ ಗ್ರಹಿಕೆ.

ಪೊಲೀಸ್ ಠಾಣೆಯ ಗೋಡೆಯ ಮೇಲೆ ಕಳ್ಳರ ಭಾವಚಿತ್ರಗಳನ್ನು ತೂಗುಹಾಕಿರುವುದನ್ನು ತಾವು ನೋಡಿದ್ದೀರಿ. ಆಂಟಿವೈರಸ್ ಮುಖ್ಯವಾಗಿ ಮಾಡುವುದು ಇದನ್ನೇ. ಈಗಾಗಲೇ ಸಿಕ್ಕಿಬಿದ್ದವರ ಮುಖವನ್ನು ಅದು ಬಲ್ಲದು. ಸಂಶಯಾಸ್ಪದ ನಡವಳಿಕೆಯನ್ನೂ ಇತ್ತೀಚೆಗೆ ಗಮನಿಸುತ್ತದೆ, ನಿಜ. ಆದರೆ ಯಾವ ಪ್ರೋಗ್ರಾಮ್ ವೈರಸ್, ಯಾವುದು ಅಲ್ಲ ಎಂಬುದನ್ನು ಎಲ್ಲ ಸಂದರ್ಭಗಳಲ್ಲೂ ತಪ್ಪಿಲ್ಲದೆ ಹೇಳಬಲ್ಲ ತಂತ್ರಾಂಶ ಸಾಧ್ಯವೇ ಇಲ್ಲವೆಂದು ಅಮೆರಿಕದ ಫ್ರೆಡ್ ಕೋಹೆನ್ 1984ರಷ್ಟು ಹಿಂದೆಯೇ ತರ್ಕಬದ್ಧವಾಗಿ ತೋರಿಸಿದ್ದರು. ಮಾರಾಟಗಾರರು ಮಾತ್ರ ಇಂದಿಗೂ 'ಸಂಪೂರ್ಣ ರಕ್ಷಣೆ' ಎಂದು ಪೆಟ್ಟಿಗೆಯ ಮೇಲೆ ಮುದ್ರಿಸುತ್ತಾರೆ.

ನಾನೂ ಮೋಸಹೋದವನೇ. ಸುಮಾರು 2009ರಲ್ಲಿ ತಂಗಿಯ ಮದುವೆಯ ಪತ್ರಿಕೆ ಮಾಡಿಸಲು ಪೆನ್‌ಡ್ರೈವನ್ನು ಒಂದು ಡಿಟಿಪಿ ಅಂಗಡಿಗೆ ಒಯ್ದಿದ್ದೆ. ಮನೆಗೆ ಬಂದು ಕಂಪ್ಯೂಟರಿಗೆ ಹಾಕಿದ್ದೇ ತಡ, ಫೋಲ್ಡರುಗಳೆಲ್ಲ ಮಾಯವಾದವು. ನನ್ನಲ್ಲಿ ಆಂಟಿವೈರಸ್ ಇರಲಿಲ್ಲವೆ? ಇತ್ತು! ಗೆಳೆಯನೊಬ್ಬ ಕೊಟ್ಟ 'ಕ್ರ್ಯಾಕ್' ಮಾಡಿದ ಪ್ರತಿ. ಅದು ಹೊಸ ಪಟ್ಟಿಯನ್ನು ತರಿಸಿಕೊಳ್ಳುವುದನ್ನು ಯಾವತ್ತೋ ನಿಲ್ಲಿಸಿತ್ತು. ಪರದೆಯ ಮೂಲೆಯಲ್ಲಿ ಹಸಿರು ಗುರುತು ಮಾತ್ರ ಹೊಳೆಯುತ್ತಿತ್ತು. ಆ ಗುರುತನ್ನು ನಂಬಿ ನಾನು ನಿಶ್ಚಿಂತನಾಗಿದ್ದೆ.

ಈ ಕ್ರ್ಯಾಕಿನ ಬಗ್ಗೆ ಒಂದು ಮಾತು ಹೇಳಲೇಬೇಕು. ಪರರ ವಸ್ತುವನ್ನು ಅನುಮತಿಯಿಲ್ಲದೆ ಮುಟ್ಟಬಾರದೆಂದು ಮಕ್ಕಳಿಗೆ ಕಲಿಸುವ ನಾವು, ಕದ್ದ ತಂತ್ರಾಂಶವನ್ನು ಹಾಕಿಸಿಕೊಳ್ಳುವಾಗ ಅಳುಕುವುದಿಲ್ಲ. ಕದ್ದ ಬೀಗದಿಂದ ಮನೆಯನ್ನು ಕಾಯಲು ಹೊರಟಂತಾಯಿತು. ಆ ಬೀಗದ ಇನ್ನೊಂದು ಕೀಲಿಕೈ ಅದನ್ನು ಒಡೆದು ಹಂಚಿದವನ ಬಳಿ ಇಲ್ಲವೆಂದು ಹೇಳುವವರಾರು? ವಿಚಿತ್ರವೆಂದರೆ, ಐಬಿಎಂ ಪಿಸಿಗಳಲ್ಲಿ ಹರಡಿದ ಮೊದಲ ವೈರಸ್ 'ಬ್ರೈನ್' ಹುಟ್ಟಿದ್ದೂ ಇಂತಹ ನಕಲಿನ ನೆಪದಲ್ಲೇ. ತಮ್ಮ ತಂತ್ರಾಂಶವನ್ನು ಜನರು ನಕಲು ಮಾಡುತ್ತಿದ್ದಾರೆಂದು ಲಾಹೋರಿನ ಬಾಸಿತ್ ಮತ್ತು ಅಮ್ಜದ್ ಫಾರೂಕ್ ಅಲ್ವಿ ಸಹೋದರರು 1986ರಲ್ಲಿ ಅದನ್ನು ಬರೆದು, ಅದರೊಳಗೆ ತಮ್ಮ ಹೆಸರು, ವಿಳಾಸ, ಫೋನ್ ಸಂಖ್ಯೆಯನ್ನೂ ಇಟ್ಟಿದ್ದರು. ಇಂದಿನ ಕಳ್ಳರು ಅಷ್ಟು ಸಜ್ಜನರಲ್ಲ.

2017ರ ಮೇ 12ರಂದು 'ವನ್ನಾಕ್ರೈ' ಜಗತ್ತಿನಾದ್ಯಂತ ಕಂಪ್ಯೂಟರುಗಳ ಕಡತಗಳಿಗೆ ಬೀಗ ಜಡಿದು ಹಣ ಕೇಳಿತು. ಬ್ರಿಟನ್ನಿನ ಆಸ್ಪತ್ರೆಗಳೂ ಕಂಗೆಟ್ಟವು. ಆದರೆ ಅದು ನುಸುಳಿದ ಬಿರುಕನ್ನು ಮುಚ್ಚುವ ಪರಿಷ್ಕರಣೆಯನ್ನು ಮೈಕ್ರೋಸಾಫ್ಟ್ ಮಾರ್ಚ್ 14ರಂದೇ ಬಿಡುಗಡೆ ಮಾಡಿತ್ತು. 'ಅಪ್‌ಡೇಟ್ ಮಾಡಲೇ?' ಎಂದು ಕಂಪ್ಯೂಟರು ಕೇಳಿದಾಗ 'ಆಮೇಲೆ' ಎನ್ನುವ ನಮ್ಮ ಅಭ್ಯಾಸದ ಬೆಲೆ ಅದು. ವಿಂಡೋಸ್ 10ಕ್ಕೆ ಸಾಮಾನ್ಯ ಬೆಂಬಲವೂ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಲೆಕ್ಕಪತ್ರವಿರುವ ಯಂತ್ರದಲ್ಲಿ ಯಾವ ಆವೃತ್ತಿಯಿದೆಯೆಂದು ನೋಡಿಕೊಳ್ಳಿರಿ.

ಕಾವಲುಗಾರನೇ ಎಡವುವುದೂ ಉಂಟು. 2024ರ ಜುಲೈ 19ರಂದು ಕ್ರೌಡ್‌ಸ್ಟ್ರೈಕ್ ಎಂಬ ರಕ್ಷಣಾ ತಂತ್ರಾಂಶದ ದೋಷಪೂರಿತ ಪರಿಷ್ಕರಣೆಯಿಂದ ಸುಮಾರು 85 ಲಕ್ಷ ಕಂಪ್ಯೂಟರುಗಳು ಸ್ತಬ್ಧವಾದವು. ನಮ್ಮ ಬೆಂಗಳೂರು ವಿಮಾನ ನಿಲ್ದಾಣದಲ್ಲೂ ಪ್ರಯಾಣಿಕರು ಸರತಿಯಲ್ಲಿ ನಿಂತರು. ಹಾಗೆಂದು ಆಂಟಿವೈರಸ್ ಕಿತ್ತುಹಾಕಿರೆಂದು ನಾನು ಹೇಳುತ್ತಿಲ್ಲ. ಇಂದಿನ ವಿಂಡೋಸ್ ಜೊತೆಗೇ ಉಚಿತವಾಗಿ ಬರುವ ಡಿಫೆಂಡರ್ ಸಾಮಾನ್ಯ ಕುಟುಂಬಕ್ಕೆ ಸಾಕು. ಉಳಿದ ಹಣದಲ್ಲಿ ಹೊರಗಿನ ಹಾರ್ಡ್‌ಡಿಸ್ಕ್ ಕೊಂಡು, ವಾರಕ್ಕೊಮ್ಮೆ ಲೆಕ್ಕಪತ್ರವನ್ನೂ ಛಾಯಾಚಿತ್ರಗಳನ್ನೂ ನಕಲು ಮಾಡಿ, ಬಳಿಕ ಅದನ್ನು ಬೇರ್ಪಡಿಸಿ ಕಪಾಟಿನಲ್ಲಿಡಿರಿ. ಜೋಡಿಸಿಯೇ ಬಿಟ್ಟರೆ ಬೀಗ ಜಡಿಯುವ ವೈರಸ್ ಅದಕ್ಕೂ ಜಡಿಯುತ್ತದೆ.

ಈಗ ಅಪಾಯ ಕಂಪ್ಯೂಟರಿಗಿಂತ ಹೆಚ್ಚಾಗಿ ಜೇಬಿನಲ್ಲಿದೆ. ವಾಟ್ಸಾಪಿನಲ್ಲಿ ಮದುವೆಯ ಆಮಂತ್ರಣವೊಂದು ಬರುತ್ತದೆ. ನಮ್ಮ ಊರುಗಳಲ್ಲಿ ಮದುವೆಯ ಕರೆಯೋಲೆಯನ್ನು ತೆರೆಯದೆ ಬಿಡುವವರುಂಟೆ? ಆದರೆ ಆ ಕಡತದ ಹೆಸರಿನ ಕೊನೆಯಲ್ಲಿ 'ಎಪಿಕೆ' ಎಂದಿದ್ದರೆ ಅದು ಪತ್ರಿಕೆಯಲ್ಲ, ಆ್ಯಪ್. ಅದನ್ನು ಅಳವಡಿಸಲು ಒಪ್ಪಿ, ಎಸ್ಸೆಮ್ಮೆಸ್ ಓದಲು ಅನುಮತಿಯನ್ನೂ ಕೊಟ್ಟರೆ, ಬ್ಯಾಂಕಿನ ಒಟಿಪಿ ನಮಗಿಂತ ಮೊದಲು ವಂಚಕನಿಗೆ ತಲುಪುತ್ತದೆ. ಕಳುಹಿಸಿದವರು ಪರಿಚಿತರೆಂಬುದು ಭರವಸೆಯಲ್ಲ. ಅವರ ಫೋನೇ ವಂಚಕನ ವಶದಲ್ಲಿರಬಹುದು. ಒಂದು ಕರೆ ಮಾಡಿ ಕೇಳಿರಿ. ಬಂಧುಗಳ ಕ್ಷೇಮ ವಿಚಾರಿಸಿದಂತೆಯೂ ಆಯಿತು.

ತಾಯಂದಿರಲ್ಲಿ ಒಂದು ವಿನಂತಿ. ಮಕ್ಕಳ ವಿದ್ಯಾರ್ಥಿವೇತನದ ಅರ್ಜಿ ತುಂಬಿಸಲು ಆನ್‌ಲೈನ್ ಸೆಂಟರಿಗೆ ಹೋದಾಗ ಅಲ್ಲಿನ ಹುಡುಗನಿಗೆ ಫೋನನ್ನೇ ಕೊಟ್ಟು ಕುಳಿತುಕೊಳ್ಳಬೇಡಿರಿ. ಒಟಿಪಿ ಸಂದೇಶವನ್ನು ಪೂರ್ತಿ ಓದಿ, ಅದು ಈ ಅರ್ಜಿಯದ್ದೇ ಎಂದು ಖಚಿತವಾದ ಮೇಲೆ ತಾವೇ ಟೈಪ್ ಮಾಡಿರಿ. ಆಧಾರ್ ಪ್ರತಿಯ ಕಡತವನ್ನು ಅಲ್ಲಿನ ಕಂಪ್ಯೂಟರಿನಿಂದ ಅಳಿಸಿಯೇ ಎದ್ದುಬನ್ನಿರಿ.

ಒಂದು ವೇಳೆ ಹಣ ಹೋದರೆ, ಮನೆಯವರು ಬೈಯುತ್ತಾರೆಂದು ಅಡಗಿಸಿಟ್ಟು ಕೂರಬಾರದು. ಹಣ ಇನ್ನೊಂದು ಖಾತೆಗೆ ದಾಟುವ ಮುನ್ನ ತಡೆಯಬೇಕಾದರೆ ತಡಮಾಡದೆ 1930ಕ್ಕೆ ಕರೆ ಮಾಡಬೇಕು, ಬ್ಯಾಂಕಿಗೆ ತಿಳಿಸಬೇಕು, ಬಳಿಕ ಜಿಲ್ಲೆಯ ಸಿಇಎನ್ ಪೊಲೀಸ್ ಠಾಣೆಗೆ ದೂರು ಕೊಡಬೇಕು.

ಪ್ರಶ್ನೆ ಕೇಳಿದ ಹಿರಿಯರು ಮುಂದಿನ ಸಾಲಿನಲ್ಲೇ ಇದ್ದಾರೆ. ಚಹಾದ ವೇಳೆಗೆ ಅವರ ಮಗನೂ ಬರಲಿ. ಫೋನಿನ ಸೆಟ್ಟಿಂಗ್‌ನಲ್ಲಿ 'ಅಪರಿಚಿತ ಆ್ಯಪ್‌ಗಳ ಅಳವಡಿಕೆ' ಎಂಬುದನ್ನು ವಾಟ್ಸಾಪಿಗೆ ಹೇಗೆ ಮುಚ್ಚುವುದೆಂದು ಅಲ್ಲಿಯೇ ತೋರಿಸುತ್ತೇನೆ.