ಕೂದಲೆಳೆ ಅಗಲದ ಕಾಲುವೆ, ಒಂದೇ ಗಾತ್ರದ ಕಾಳು

(ಸುವರ್ಣ ಮಹೋತ್ಸವದ ವಿಜ್ಞಾನ ಗೋಷ್ಠಿಯಲ್ಲಿ ಮಾಡಿದ ಭಾಷಣ)



ನಾನು ಓದಿದ್ದು ಬಿ.ಇ., ಮಾಡುತ್ತಿರುವುದು ಸಾಫ್ಟ್‌ವೇರ್ ಕೆಲಸ. ಊರಿಗೆ ಬಂದಾಗಲೆಲ್ಲ "ಕಂಪ್ಯೂಟರಲ್ಲಿ ಅದೇನು ಮಾಡ್ತೀಯಪ್ಪ?" ಎಂದು ಕೇಳುತ್ತೀರಿ. ಹನಿ ಎಣಿಸುತ್ತೇನೆ. ನಗಬೇಡಿ, ಸಂಬಳ ಕೊಡುವುದು ಅದಕ್ಕೇ.

ಬೂಂದಿ ಮಾಡುವುದನ್ನು ಎಲ್ಲರೂ ನೋಡಿದ್ದೀರಿ. ತೂತಿನ ಸೌಟಿಗೆ ಹಿಟ್ಟು ಸುರಿದು ತಟ್ಟಿದರೆ ಕಾಳು ಎಣ್ಣೆಗೆ ಬೀಳುತ್ತದೆ. ಹಿಟ್ಟು ತೆಳುವಾದರೆ ಕಾಳು ಚಪ್ಪಟೆ, ಗಟ್ಟಿಯಾದರೆ ಬಾಲ ಬರುತ್ತದೆ. ನಮ್ಮದೂ ಅಂಥದೇ ಯಂತ್ರ. ಕಾಳು ಮಾತ್ರ ಕೂದಲೆಳೆಯ ದಪ್ಪಕ್ಕಿಂತ ದೊಡ್ಡದಲ್ಲ, ಅದರ ಒಳಗಿರುವುದು ಔಷಧಿ.

ಇಂಥ ಕಾಳು ಯಾಕೆ ಬೇಕು? ಕೆಲವು ಔಷಧಿಗಳನ್ನು ದಿನವೂ ಚುಚ್ಚಬೇಕು. ಇಲ್ಲಿಂದ ತಾಲ್ಲೂಕು ಆಸ್ಪತ್ರೆಗೆ ದಿನಾ ಹೋಗಿಬರುವ ಕಷ್ಟ ನಿಮಗೆ ನಾನು ಹೇಳಬೇಕಾಗಿಲ್ಲ. ಆಪರೇಷನ್ ಆದ ಮೇಲೆ ತಾನಾಗಿ ಕರಗುವ ಹೊಲಿಗೆ ದಾರ ಇದೆಯಲ್ಲ, ಆ ಜಾತಿಯ ಪ್ಲಾಸ್ಟಿಕ್ಕಿನ ಕಾಳಿನಲ್ಲಿ ಔಷಧಿ ತುಂಬಿ ಚುಚ್ಚಿದರೆ ಕಾಳು ನಿಧಾನವಾಗಿ ಕರಗುತ್ತಾ ಔಷಧಿ ಬಿಡುತ್ತದೆ. ಪ್ರೋಸ್ಟೇಟ್ ಕ್ಯಾನ್ಸರಿಗೆ ತಿಂಗಳಿಗೊಂದೇ ಸಲ ಕೊಡುವ ಇಂಥ ಲ್ಯೂಪ್ರೊಲೈಡ್ ಇಂಜೆಕ್ಷನ್ ಅಮೆರಿಕದಲ್ಲಿ 1989ರಲ್ಲೇ ಬಂತು.

ಇಂಥ ಕಾಳನ್ನು ಸಾಮಾನ್ಯವಾಗಿ ದೊಡ್ಡ ಪಾತ್ರೆಯಲ್ಲಿ ರಭಸವಾಗಿ ಕಲಕಿ ಮಾಡುತ್ತಾರೆ. ಮೊಸರು ಕಡೆದಾಗ ಬೆಣ್ಣೆ ಬರುವ ಹಾಗೆ ಒಂದು ಸಣ್ಣದು, ಒಂದು ದಪ್ಪ. ಸಣ್ಣದು ಔಷಧಿಯನ್ನು ಬೇಗ ಬಿಟ್ಟುಬಿಡುತ್ತದೆ, ತೀರಾ ದಪ್ಪನೆಯದು ಸೂಜಿಯಲ್ಲಿ ಸಿಕ್ಕಿಕೊಳ್ಳುತ್ತದೆ. ಜರಡಿ ಹಿಡಿದು ಬೇರೆ ಮಾಡಬೇಕು. ದುಬಾರಿ ಔಷಧಿ ಅಲ್ಲಿ ಪೋಲು.

ಇದಕ್ಕೆ ಇನ್ನೊಂದು ದಾರಿ ಸೂಕ್ಷ್ಮ ಕಾಲುವೆ. 1883ರಲ್ಲಿ ಮ್ಯಾಂಚೆಸ್ಟರಿನ ಆಸ್ಬರ್ನ್ ರೆನಾಲ್ಡ್ಸ್ ಗಾಜಿನ ಕೊಳವೆಯಲ್ಲಿ ಹರಿಯುವ ನೀರಿಗೆ ಬಣ್ಣದ ಎಳೆಯೊಂದನ್ನು ಬಿಟ್ಟು ನೋಡಿದ. ನೀರು ನಿಧಾನವಾಗಿ ಹರಿದರೆ ಎಳೆ ನೆಟ್ಟಗೆ ಸಾಗಿತು, ವೇಗ ಹೆಚ್ಚಿದಾಗ ಚದುರಿ ಸುಳಿಯಾಯಿತು. ಕೊಳವೆ ಕಿರಿದಾದಷ್ಟೂ ಸುಳಿ ಏಳುವುದು ಕಷ್ಟ. ಕೂದಲೆಳೆ ಅಗಲದ ಕಾಲುವೆಯಲ್ಲಿ ಸುಳಿಯೇ ಇಲ್ಲ, ದ್ರವ ಶಿಸ್ತಾಗಿ ಸಾಲಿನಲ್ಲಿ ಸಾಗುತ್ತದೆ. ನಡುವಿನ ಕಾಲುವೆಯಲ್ಲಿ ಔಷಧಿ ಮತ್ತು ಪ್ಲಾಸ್ಟಿಕ್ ಕರಗಿಸಿದ ದ್ರಾವಣ, ಎರಡು ಪಕ್ಕದಿಂದ ನೀರು. ಇಕ್ಕಟ್ಟಿನ ಜಾಗದಲ್ಲಿ ನೀರು ಎರಡೂ ಕಡೆಯಿಂದ ಅದುಮಿದಾಗ ದ್ರಾವಣದ ಎಳೆ ಹನಿಹನಿಯಾಗಿ ತುಂಡಾಗುತ್ತದೆ. ಹರಿವು ಬದಲಾಗದಿದ್ದರೆ ಹನಿಯ ಗಾತ್ರವೂ ಬದಲಾಗದು. ನೀರಿಗೆ ಸೋಪಿನಂಥ ಪದಾರ್ಥ ಸೇರಿಸಿರುತ್ತಾರೆ, ಇಲ್ಲದಿದ್ದರೆ ಹನಿಗಳು ಮತ್ತೆ ಕೂಡಿಕೊಳ್ಳುತ್ತವೆ. ದ್ರಾವಕ ಆರಿದ ಮೇಲೆ ಹನಿ ಕುಗ್ಗಿ ಗಟ್ಟಿ ಕಾಳಾಗುತ್ತದೆ.

ಈಗ ಒಂದು ಲೆಕ್ಕ, ಮಕ್ಕಳು ಬರೆದುಕೊಳ್ಳಿ. ಹನಿಯ ವ್ಯಾಸ 100 ಮೈಕ್ರಾನ್, ಅಂದರೆ ಮಿಲಿಮೀಟರಿನ ಹತ್ತನೇ ಒಂದು ಭಾಗ. ಗೋಳದ ಘನಫಲದ ಸೂತ್ರ ಹಾಕಿ. ಒಂದು ಮಿಲಿಲೀಟರಿನಲ್ಲಿ ಸುಮಾರು 19 ಲಕ್ಷ ಹನಿ ಬರುತ್ತದೆ! ಸೆಕೆಂಡಿಗೆ 1000 ಹನಿ ಮಾಡಿದರೂ ಒಂದು ಮಿಲಿಲೀಟರಿಗೆ ಅರ್ಧ ಗಂಟೆ ದಾಟುತ್ತದೆ. ಕಾರ್ಖಾನೆಗೆ ಇದು ಸಾಲದು. ಕಾಲುವೆ ಅಗಲ ಮಾಡೋಣವೆಂದರೆ ಹನಿಯೂ ದಪ್ಪಗಾಗುತ್ತದೆ. ಆದ್ದರಿಂದ ನೂರಾರು ಕಾಲುವೆಗಳನ್ನು ಪಕ್ಕಪಕ್ಕದಲ್ಲಿ ಕೊರೆಯುತ್ತಾರೆ. ಒಂದರಲ್ಲಿ ದೂಳಿನ ಕಣ ಸಿಕ್ಕಿಕೊಂಡರೆ ಅದರ ಪಾಲಿನ ಹರಿವು ಪಕ್ಕದವುಗಳಿಗೆ ನುಗ್ಗಿ ಅಲ್ಲಿನ ಹನಿಯ ಗಾತ್ರ ಕೆಡುತ್ತದೆ. ತೂಬು ಕಟ್ಟಿದಾಗ ಪಕ್ಕದ ಗದ್ದೆಗೆ ನೀರು ನುಗ್ಗುವುದು ರೈತರಿಗೆ ಗೊತ್ತೇ ಇದೆ. ಕ್ಯಾಮೆರಾದಲ್ಲಿ ಹನಿಗಳನ್ನು ನೋಡುತ್ತಾ, ಎಣಿಸುತ್ತಾ, ಗಾತ್ರ ಕೆಟ್ಟ ಕೂಡಲೇ ಪಂಪನ್ನು ಸರಿಪಡಿಸುವ ಪ್ರೋಗ್ರಾಂ ಬರೆಯುವುದು ನನ್ನ ಕೆಲಸ.

ಇಡೀ ಪ್ರಯೋಗಾಲಯವೇ ಚಿಪ್ಪಿನ ಮೇಲೆ ಬಂತೆಂದು ಪೇಪರಿನಲ್ಲಿ ಬರೆಯುತ್ತಾರೆ. ಅದು ಸ್ವಲ್ಪ ಹೆಚ್ಚಾಯಿತು. ಚಿಪ್ ಬೆರಳುದ್ದವಿರಬಹುದು, ಅದರ ಸುತ್ತಲಿನ ಪಂಪು, ಸೂಕ್ಷ್ಮದರ್ಶಕ, ಪೈಪುಗಳಿಗೆ ಒಂದು ಮೇಜು ಸಾಲುವುದಿಲ್ಲ.

ಆ ಮೇಜನ್ನು ಇಲ್ಲಿಗೆ ತರಲಾಗಲಿಲ್ಲ. ಕಡಲ ಪಾಚಿಯಿಂದ ತೆಗೆಯುವ ಸೋಡಿಯಂ ಆಲ್ಜಿನೇಟ್ ಪುಡಿ, ಕ್ಯಾಲ್ಸಿಯಂ ಕ್ಲೋರೈಡ್, ಮೊನೆ ಇಲ್ಲದ ಸೂಜಿಯ ಆರು ಸಿರಿಂಜ್ ತಂದಿದ್ದೇನೆ. ಆಲ್ಜಿನೇಟ್ ದ್ರಾವಣವನ್ನು ಕ್ಯಾಲ್ಸಿಯಂ ನೀರಿಗೆ ತೊಟ್ಟಿಕ್ಕಿಸಿದರೆ ಹನಿ ಅಲ್ಲೇ ಗಟ್ಟಿಯಾಗಿ ಗೋಲಿಯಾಗುತ್ತದೆ. ಹತ್ತು ಗೋಲಿಗಳನ್ನು ಸ್ಕೇಲಿನ ಪಕ್ಕ ಸಾಲಾಗಿಟ್ಟು, ಒಟ್ಟು ಉದ್ದವನ್ನು ಹತ್ತರಿಂದ ಭಾಗಿಸಿ. ಆಮೇಲೆ ಸೂಜಿ ಬದಲಿಸಿ ಮತ್ತೆ ಅಳೆಯಿರಿ. ಊಟವಾದ ಮೇಲೆ ಒಂಬತ್ತನೇ ತರಗತಿಯ ಕೋಣೆಗೆ ಬನ್ನಿ, ದೊಡ್ಡವರೂ ಬರಬಹುದು.